ಆರರಲ್ಲಿ ಒಂದು

ಡಬ್ಬಿ ಕಾರ್ಖಾನೆಗೆ ಹೋಗಬೇಕಿದ್ದ ದಿನ ಕಾರು ಎಂಟೂವರೆಗೆ ಬರುವುದಿತ್ತು. ಮನೆಯಲ್ಲಿ ಅವಳು ಎಂಟು ಗಂಟೆ ಎಂದು ಹೇಳಿದ್ದಳು. ಮಗಳು ಹಲ್ಲುಜ್ಜುತ್ತಲೇ ಬಚ್ಚಲಿನ ಬಾಗಿಲಿನಿಂದ ತಲೆ ಹೊರಗೆ ಹಾಕಿ, "ಅಮ್ಮನ ಎಂಟಾ, ನಿಜವಾದ ಎಂಟಾ?" ಎಂದು ಕೇಳಿದಳು. ಗಂಡ ಪೇಪರಿನಿಂದ ಕಣ್ಣೆತ್ತದೆ, "ಅರ್ಧ ಗಂಟೆ ಡಿಸ್ಕೌಂಟ್ ಹಿಡ್ಕೋ. ಹಳೇ ಗಿರಾಕಿಗಳಿಗೆ ಅಷ್ಟು ಸಿಗತ್ತೆ" ಎಂದ. ಇಬ್ಬರೂ ನಕ್ಕರು. ಅವಳೂ ನಕ್ಕಳು. ನಗದಿದ್ದರೆ ಮುಖ ಯಾಕೆ ಹಾಗಿದೆ ಎಂದು ಕೇಳುತ್ತಿದ್ದರು, ಮತ್ತು ಮುಖ ಹಾಗಿರಲು ನಿಜವಾದ ಕಾರಣ ಈ ದಿನ ಇತ್ತು. ಅನ್ನದ ಡಬ್ಬಿಯ ಮುಚ್ಚಳ ಒತ್ತುತ್ತ, ತಾನು ಮಾಡುವುದಕ್ಕೆ ಸುಳ್ಳು ಎನ್ನುವುದು ಸರಿಯಾದ ಪದವಲ್ಲ ಎಂದುಕೊಂಡಳು. ಅವಳ ಮನಸ್ಸಿನಲ್ಲಿ ಅದರ ಹೆಸರು ಜಾಗ ಬಿಟ್ಟು ಹೇಳುವುದು. ಪೆಟ್ಟಿಗೆಯೊಳಗೆ ಗಾಜಿನ ಸಾಮಾನು ಇಡುವಾಗ ಸುತ್ತ ಒಂದಿಷ್ಟು ಹುಲ್ಲು ತುರುಕುತ್ತಾರಲ್ಲ, ಹಾಗೆ. ಹುಲ್ಲಿಗೆ ಯಾರೂ ಸುಳ್ಳು ಅನ್ನುವುದಿಲ್ಲ. ಎಂಟಕ್ಕೇ ಸಿದ್ಧಳಾಗಿ, ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೈಚೀಲ ತೊಡೆಯ ಮೇಲಿಟ್ಟುಕೊಂಡು, ಅರ್ಧ ಗಂಟೆ ಕೂತಳು.

ಕಾರು ಓಡಿಸುತ್ತಿದ್ದವನು ಅವಳ ಮೇಲಧಿಕಾರಿ, ವಯಸ್ಸಿನಲ್ಲಿ ಅವಳಿಗಿಂತ ಹತ್ತು ವರ್ಷ ಚಿಕ್ಕವನು. ಆಫೀಸಿನಲ್ಲಿ ಅವನಿಲ್ಲದಾಗ ಎಲ್ಲರೂ ಅವನನ್ನು ಬಾಣ ಎನ್ನುತ್ತಿದ್ದರು. ಸಿಕ್ಕ ಕಾಗದದ ಮೇಲೆಲ್ಲ ಎರಡು ಚೌಕ ಬರೆದು ನಡುವೆ ಒಂದು ಬಾಣ ಎಳೆಯುವುದು ಅವನ ಅಭ್ಯಾಸ. ಒಂದು ಚೌಕ ನಾವು, ಸೋಪು ಮಾಡುವವರು. ಇನ್ನೊಂದು ಅವರು, ಸೋಪಿಗೆ ರಟ್ಟಿನ ಡಬ್ಬಿ ಮಾಡುವವರು. ಇವತ್ತು ಕೈಯಲ್ಲಿ ಸ್ಟೀರಿಂಗ್ ಇದ್ದುದರಿಂದ ಬಾಯಲ್ಲೇ ಬಾಣ ಎಳೆಯುತ್ತಿದ್ದ. "ಏನಿಲ್ಲ ಮೇಡಂ, ತುಂಬಾ ಸಿಂಪಲ್. ನಮ್ಮ ಸ್ಕ್ರೀನಲ್ಲಿ ಏನು ಕಾಣತ್ತೋ ಅದೇ ಅವರ ಸ್ಕ್ರೀನಲ್ಲೂ ಕಾಣಬೇಕು. ನಡುವೆ ಯಾರೂ ಇರಬಾರದು." ನಡುವೆ ಇರುವವಳು ತಾನೇ ಎಂದು ಅವನಿಗೆ ಹೊಳೆದಿರಲಿಲ್ಲವೋ, ಹೊಳೆದೇ ಹೇಳಿದನೋ ಎಂದು ಅವಳು ಅವನ ಕಿವಿಯ ಹಿಂದಿನ ಚರ್ಮವನ್ನು ನೋಡಿದಳು. ಅಲ್ಲಿ ಏನೂ ತಿಳಿಯಲಿಲ್ಲ. "ಮೊದಲು ಅಲ್ಲಿ ಬೇಡದೆ ಬಿದ್ದಿರೋ ಎಂಬತ್ತು ಸಾವಿರ ಡಬ್ಬಿ ಎಲ್ಲಿಂದ ಹುಟ್ಟಿತು ಅಂತ ಹುಡುಕಬೇಕು. ಸರಪಳೀಲಿ ಎಲ್ಲೋ ಒಂದು ಕೊಂಡಿ ಸಡಿಲ ಇದೆ" ಎಂದ ಅವನು. "ಹೌದು ಸರ್" ಎಂದಳು.

ಎಲ್ಲಿಂದ ಹುಟ್ಟಿತು ಎಂದು ಅವಳಿಗೆ ಗೊತ್ತಿತ್ತು. ಪ್ರತಿ ತಿಂಗಳು ಇಪ್ಪತ್ತನೇ ತಾರೀಖು, ಮುಂದಿನ ತಿಂಗಳಿಗೆ ಇಷ್ಟು ಡಬ್ಬಿ ಬೇಕು ಎಂದು ಡಬ್ಬಿ ಕಾರ್ಖಾನೆಗೆ ಬರೆಯುವುದು ಅವಳ ಕೆಲಸ. ಬೇಕಿದ್ದದ್ದು ಒಂದು ಲಕ್ಷ. ಬರೆಯುತ್ತಿದ್ದದ್ದು ಒಂದು ಲಕ್ಷ ಇಪ್ಪತ್ತು ಸಾವಿರ. ಮೊದಲಿನಿಂದ ಹಾಗಿರಲಿಲ್ಲ. ಕೆಲಸಕ್ಕೆ ಸೇರಿದ ಎರಡನೇ ತಿಂಗಳು, ಆರು ವರ್ಷದ ಹಿಂದೆ, ಬೇಕಾದಷ್ಟೇ ಬರೆದಿದ್ದಳು, ಡಬ್ಬಿ ಕಡಿಮೆ ಬಿತ್ತು. ಹನ್ನೊಂದು ಗಂಟೆ ಕಾಲ ಸೋಪು ಬರಿಮೈಯಲ್ಲಿ ಬೆಲ್ಟಿನ ಮೇಲೆ ಬಂತು, ಒಂದರ ಹಿಂದೊಂದು, ತಿಳಿಹಸಿರು ಬಣ್ಣದ ಸೋಪು, ನಾಚಿಕೆಯಿಲ್ಲದೆ. ಪ್ಯಾಕಿಂಗಿನ ಹೆಂಗಸರು ಅವನ್ನು ಕ್ರೇಟುಗಳಲ್ಲಿ ತುಂಬಿ ಗೋಡೆಯವರೆಗೆ ಒಟ್ಟಿದರು. ಆಗಿನ ಮ್ಯಾನೇಜರು ಅವಳನ್ನು ಕರೆಸಿ, ಆ ಹೆಂಗಸರ ಎದುರಿಗೇ, "ಜನ ಸೋಪನ್ನ ಜೇಬಲ್ಲಿ ಹಾಕ್ಕೊಂಡು ಹೋಗ್ತಾರಾ ಅಮ್ಮಾ?" ಎಂದು ಮೆಲ್ಲಗೆ ಕೇಳಿದರು. ಗದರಿದ್ದರೆ ಮರೆಯಬಹುದಿತ್ತು. ಹೆಂಗಸರಲ್ಲಿ ಒಬ್ಬಳು ಮಾತ್ರ ನಕ್ಕಿದ್ದಳು, ಆ ನಗುವೂ ಪಾಪ ಎನ್ನುವಂಥದ್ದೇ. ಮುಂದಿನ ತಿಂಗಳು ಅವಳು ಐದು ಸಾವಿರ ಸೇರಿಸಿ ಬರೆದಳು. ಆ ಕಡೆಯಿಂದ ಬಂದದ್ದು ಐದು ಸಾವಿರ ಕಡಿಮೆ. ಹತ್ತು ಸೇರಿಸಿದಳು, ಹತ್ತು ಕಡಿಮೆ ಬಂತು. ಹೀಗೆ ಏರುತ್ತ ಏರುತ್ತ ಇಪ್ಪತ್ತಕ್ಕೆ ಬಂದು ನಿಂತಿತು. ಎರಡೂ ಕಡೆಯವರು ಈ ವಿಷಯವಾಗಿ ಒಂದು ಮಾತೂ ಆಡಲಿಲ್ಲ. ಡಬ್ಬಿ ಕಾರ್ಖಾನೆಯಲ್ಲಿ ಆಗ ಲೆಕ್ಕ ನೋಡುತ್ತಿದ್ದವರು ಯಜಮಾನರ ಚಿಕ್ಕಪ್ಪ. ಅಲ್ಲಿ ಎಲ್ಲರಿಗೂ ಅವರು ಚಿಕ್ಕಪ್ಪನೇ. ಅವಳು ಫೋನಿನಲ್ಲಿ, "ಪೂರ್ತಿ ಒಂದು ಇಪ್ಪತ್ತು ಬೇಕೇ ಬೇಕು, ಈ ಸಲ ಕಡಿಮೆ ಮಾಡಬೇಡಿ" ಎನ್ನುವಳು. ಅವರು, "ಬರತ್ತಮ್ಮ, ಬರಬೇಕಾದ್ದೆಲ್ಲ ಬರತ್ತೆ" ಎನ್ನುವರು. ಒಂದು ಲಕ್ಷ ಬರುವುದು. ಬೇಕಿದ್ದದ್ದೂ ಅಷ್ಟೇ. ಮದುವೆಯಾಗಿ ಬಹಳ ವರ್ಷವಾದವರಂತೆ ಇಬ್ಬರೂ ಒಬ್ಬರ ಮಾತನ್ನೊಬ್ಬರು ನಂಬದೆ ನೆಮ್ಮದಿಯಾಗಿದ್ದರು.

ಐದು ತಿಂಗಳ ಹಿಂದೆ ಚಿಕ್ಕಪ್ಪ ಕಣ್ಣು ಸರಿಯಾಗಿ ಕಾಣದೆ ಮನೆಯಲ್ಲಿ ಕೂತರು. ಆ ತಿಂಗಳು ಫೋನಿನಲ್ಲಿ ಒಂದು ಹೆಣ್ಣುಧ್ವನಿ, "ಮೇಡಂ, ನೀವು ಹೇಳಿದಷ್ಟೂ ರೆಡಿ ಇದೆ. ಒಂದು ಲಕ್ಷ ಇಪ್ಪತ್ತು" ಎಂದಿತು. ಈಗ ಕಾರಿನಲ್ಲಿ ಕೂತು, ಅದನ್ನು ಕೇಳಿದ ಕ್ಷಣವನ್ನು ಎಷ್ಟನೆಯ ಬಾರಿಗೋ ತೆರೆದು ನೋಡಿದಳು. ಅಲ್ಲಿ ಗಾಬರಿ ಇರಬೇಕಾಗಿತ್ತು. ಇದ್ದದ್ದು ಸಂತೋಷ. ಹೇಳಿದ್ದನ್ನು ಹೇಳಿದಷ್ಟೇ ತೆಗೆದುಕೊಂಡವರು ಒಬ್ಬರಿದ್ದಾರೆ ಎನ್ನುವ, ಬಿಸಿನೀರು ಬೆನ್ನಿನ ಮೇಲೆ ಇಳಿದಂಥ ಸಂತೋಷ. "ಒಂದು ಲಕ್ಷ ಕಳಿಸಿ. ಉಳಿದಿದ್ದು ನಿಮ್ಮ ಹತ್ರಾನೇ ಇರಲಿ, ಬೇಕಾದಾಗ ತರಿಸ್ಕೋತೀವಿ" ಎಂದಿದ್ದಳು, ಸಹಜವಾಗಿ. ಮುಂದಿನ ತಿಂಗಳು ಆ ಇಪ್ಪತ್ತನ್ನು ಕಳೆದು ಬರೆಯಬೇಕಾಗಿತ್ತು. ಕಡಿಮೆ ಬರೆದರೆ, ಹೋದ ತಿಂಗಳು ಹೆಚ್ಚು ಬರೆದದ್ದು ಯಾಕೆಂದು ಯಾರಾದರೂ ಕೇಳಬಹುದಿತ್ತು. ಮತ್ತೆ ಒಂದು ಇಪ್ಪತ್ತು ಬರೆದಳು. ಮತ್ತೆ ಅಷ್ಟೂ ಆಯಿತು. ನಾಲ್ಕು ತಿಂಗಳು. ಅಷ್ಟರಲ್ಲಿ ಮೇಲಿನವರು ಸೋಪನ್ನು ನೂರು ಗ್ರಾಮಿನಿಂದ ತೊಂಬತ್ತಕ್ಕೆ ಇಳಿಸಿದರು. ಹಳೆಯ ಡಬ್ಬಿಯ ಮೇಲೆ ನೂರು ಗ್ರಾಂ ಎಂದು ಅಚ್ಚಾಗಿತ್ತು. ಇನ್ನು ಅದರೊಳಗೆ ಯಾವ ಸೋಪೂ ಹೋಗುವಂತಿರಲಿಲ್ಲ.

ಡಬ್ಬಿ ಕಾರ್ಖಾನೆ ಒಂದು ಉದ್ದನೆಯ ಶೆಡ್ಡು. ಒಳಗೆ ಕಾಲಿಟ್ಟ ಕೂಡಲೇ ಇಂಕಿನ ವಾಸನೆ, ಅದರ ಕೆಳಗೆ ಹುಳಿಯಾದ ಅಂಟಿನ ವಾಸನೆ. ನೆಲದ ಮೇಲೆ ಕತ್ತರಿಸಿ ಬಿದ್ದ ರಟ್ಟಿನ ಚೂರುಗಳು ಚಪ್ಪಲಿಗೆ ಅಂಟಿಕೊಂಡು ಜೊತೆಗೇ ಬಂದವು. ಯಜಮಾನರು, ಅಂಗಿಯ ತೋಳು ಮಡಚಿದ ದಪ್ಪ ಮನುಷ್ಯ, ಬಾಗಿಲಿಗೇ ಬಂದು, "ಬನ್ನಿ ಬನ್ನಿ, ಮೊದಲು ನಮ್ಮ ಆಸ್ತಿ ನೋಡಿ" ಎಂದು ನಗುತ್ತ ಗೋಡೌನಿಗೆ ಕರೆದುಕೊಂಡು ಹೋದರು. ಎಂಬತ್ತು ಸಾವಿರ ಎಂದರೆ ಇಷ್ಟು ಎಂದು ಅವಳಿಗೆ ತಿಳಿದಿರಲಿಲ್ಲ. ಅವಳಿಗೆ ಅದು ಐದು ಅಂಕಿ. ಇಲ್ಲಿ ಅದು ಮಡಿಸದ ಡಬ್ಬಿಗಳ ಬಂಡಲು, ಬಂಡಲಿನ ಮೇಲೆ ಬಂಡಲು, ಕಿಟಕಿಯನ್ನು ಮುಚ್ಚಿ ಮೇಲೆ ಹೋಗಿತ್ತು. ಕಿಟಕಿಯ ತುದಿಯಲ್ಲಿ ಒಂದು ಗೆರೆಯಷ್ಟು ಬೆಳಕು ಉಳಿದಿತ್ತು. ಬಂಡಲುಗಳ ಪಕ್ಕದಲ್ಲಿ ಒಬ್ಬ ಹೆಂಗಸು ನಿಂತಿದ್ದಳು, ಸುಮಾರು ಮೂವತ್ತು ವರ್ಷದವಳು, ಎದೆಗೆ ಒಂದು ಫೈಲು ಅವುಚಿಕೊಂಡು. "ಇವಳೇ ನೋಡಿ ನಿಮ್ಮ ಫೋನು ತಗೊಳ್ತಿದ್ದವಳು. ಎಂಟು ವರ್ಷ ಅಂಟಿನ ಟೇಬಲ್ಲಲ್ಲಿದ್ಲು. ಡಬ್ಬಿ ಮೇಲಿನ ಸಣ್ಣಕ್ಷರ ಎಲ್ಲ ಓದ್ತಾ ಕೂರ್ತಿದ್ಲು ಅಂತ ಇವಳಿಗೆ ಟೀಚರ್ ಅಂತ ಹೆಸರು. ಓದ್ತಾಳಲ್ಲ ಅಂತ ಚಿಕ್ಕಪ್ಪನ ಕುರ್ಚಿ ಕೊಟ್ಟೆ" ಎಂದರು ಯಜಮಾನರು. ಟೀಚರ್ ಅವಳ ಕಡೆ ನೋಡಿ ಸ್ವಲ್ಪ ತಲೆಬಾಗಿದಳು. ಫೈಲು ಹಿಡಿದ ಬೆರಳುಗಳ ತುದಿಯಲ್ಲಿ ಚರ್ಮ ಇನ್ನೂ ಸಿಪ್ಪೆಯೇಳುತ್ತಿತ್ತು. ಈ ಧ್ವನಿಗೆ ತಾನು ಮನಸ್ಸಿನಲ್ಲಿ ಒಂದು ಮುಖ ಕೊಟ್ಟಿದ್ದೆ, ಅದು ಇದಕ್ಕಿಂತ ಚಿಕ್ಕ ವಯಸ್ಸಿನದಾಗಿತ್ತು, ಇನ್ನೊಂದು ಕಡೆ ಸುಲಭವಾಗಿ ಕೆಲಸ ಸಿಗಬಹುದಾದಂಥ ಮುಖ ಎಂದು ಅವಳಿಗೆ ನೆನಪಾಯಿತು.

ಆಫೀಸು ಕೋಣೆಯಲ್ಲಿ ಒಂದು ಮೇಜು, ನಾಲ್ಕು ಕುರ್ಚಿ. ಬಾಣ ಗೋಡೆಯ ಬಿಳಿ ಹಲಗೆಯ ಮೇಲೆ ಎರಡು ಚೌಕ ಬರೆದು ನಡುವೆ ಗೆರೆ ಎಳೆದ. ಟೀಚರ್ ಫೈಲು ಬಿಚ್ಚಿ ಮೇಜಿನ ಮೇಲಿಟ್ಟಳು. ಸೋಪಿನವರ ಕಡೆಯಿಂದ ಬಂದಿದ್ದ ಒಂದೊಂದು ಇಮೇಲನ್ನೂ ಅಚ್ಚು ಹಾಕಿಸಿ, ಸಂಖ್ಯೆಯ ಕೆಳಗೆ ಕೆಂಪು ಪೆನ್ನಿನಲ್ಲಿ, ಸ್ಕೇಲ್ ಇಟ್ಟು, ಗೆರೆ ಎಳೆದಿತ್ತು. "ಮೇಡಂ ಬರೆದಿದ್ದು ಇಷ್ಟು ಸರ್, ನಾವು ಮಾಡಿದ್ದು ಇಷ್ಟು. ಒಂದೂ ಹೆಚ್ಚುಕಮ್ಮಿ ಇಲ್ಲ" ಎಂದಳು. ಹೇಳುವಾಗ ಅವಳ ಧ್ವನಿಯಲ್ಲಿ ಒಂದು ಸಣ್ಣ ಹೆಮ್ಮೆಯಿತ್ತು, ಹೋಮ್‌ವರ್ಕ್ ತೋರಿಸುವವರದು. ಅದು ಕೋಣೆಯಲ್ಲಿ ಯಾರಿಗೂ ಬೇಕಿರಲಿಲ್ಲ.

"ತಪ್ಪು ನಮ್ಮದೇ ಸರ್" ಎಂದರು ಯಜಮಾನರು. ಗಿರಾಕಿಯ ಮೇಲೆ ತಪ್ಪು ಹೊರಿಸಿ ಗೊತ್ತಿಲ್ಲದ ಮನುಷ್ಯ. "ಆರ್ಡರ್ ಅಂದ್ಮೇಲೆ ಸ್ವಲ್ಪ ಹಿಂದೆಮುಂದೆ ಇರತ್ತೆ. ಅದನ್ನ ಅಂದಾಜು ಮಾಡೋನೇ ಪ್ಲಾನಿಂಗ್ ಮಾಡೋನು. ಚಿಕ್ಕಪ್ಪ ಇದ್ದಿದ್ರೆ ಹೀಗಾಗ್ತಿರಲಿಲ್ಲ. ಇವಳಿಗೆ ಬರೆದಿದ್ದು ಓದಕ್ಕೆ ಬರತ್ತೆ, ಅಂದಾಜು ಬರಲ್ಲ. ಸೋಮವಾರದಿಂದ ವಾಪಸ್ ಅಂಟಿನ ಟೇಬಲ್ಲಿಗೆ. ಅಲ್ಲಿ ಕೈ ಚುರುಕು, ಬೈಯೋ ಹಾಗಿಲ್ಲ." ಇದನ್ನು ಅವರು ಸಿಟ್ಟಿಲ್ಲದೆ, ಕುರ್ಚಿಯನ್ನು ಈ ಮೂಲೆಯಿಂದ ಆ ಮೂಲೆಗೆ ಇಡಿಸುವವರ ಹಾಗೆ ಹೇಳಿದರು. ಟೀಚರ್ ಫೈಲನ್ನೇ ನೋಡುತ್ತಿದ್ದಳು. ಕೆಂಪು ಗೆರೆಗಳ ಮೇಲೆ ಒಂದು ಬೆರಳು ಇಟ್ಟಿದ್ದಳು, ಅದನ್ನು ತೆಗೆಯಲಿಲ್ಲ. ಬಾಣ ಹಲಗೆಯ ಮೇಲೆ, ಗೆರೆಯ ಆ ತುದಿಯಲ್ಲಿ, ಡಬ್ಬಿ ಕಾರ್ಖಾನೆಯ ಚೌಕಕ್ಕೆ ಅಂಟಿಕೊಂಡಂತೆ, ಒಂದು ಸಣ್ಣ ಅಡ್ಡಗೀಟು ಹಾಕಿದ. ಸಡಿಲವಾದ ಕೊಂಡಿ.

ಈಗ ಹೇಳದಿದ್ದರೆ ಆಯಿತು, ಎಂದುಕೊಂಡಳು. ಸುಮ್ಮನಿರುವುದಕ್ಕೆ ಯಾರೂ ಸುಳ್ಳು ಅನ್ನುವುದಿಲ್ಲ. ಮಧ್ಯಾಹ್ನದೊಳಗೆ ಕಾರಿನಲ್ಲಿ ವಾಪಸು ಹೋಗುತ್ತೇವೆ, ಸಂಜೆ ಮಗಳಿಗೆ ಊಟ ಬಡಿಸುತ್ತೇನೆ, ಸೋಮವಾರ ಇಲ್ಲಿ ಒಬ್ಬಳು ಒಂದು ಕುರ್ಚಿಯಿಂದ ಎದ್ದು ಒಂದು ಬೆಂಚಿನ ಮೇಲೆ ಕೂರುತ್ತಾಳೆ, ಎಂಟು ವರ್ಷ ಕೂತ ಬೆಂಚು, ಹೊಸದೇನಲ್ಲ. ಅಮ್ಮ ತೀರಿಕೊಂಡ ದಿನ ಆಸ್ಪತ್ರೆಯ ಕಾರಿಡಾರಿನಲ್ಲೂ ಒಂದು ನೀಲಿ ಬಣ್ಣದ ಬೆಂಚಿತ್ತು. ಅಣ್ಣ ಬಂದು ಅದರ ಮೇಲೆ ಕೂತಾಗ ಅಮ್ಮ ಹೋಗಿ ನಾಲ್ಕು ಗಂಟೆಯಾಗಿತ್ತು. ಹಿಂದಿನ ದಿನ ಬೆಳಿಗ್ಗೆಯೇ ಅವನಿಗೆ ಫೋನು ಮಾಡಿ, "ಈಗಿಂದೀಗಲೇ ಹೊರಡು" ಎಂದಿದ್ದಳು. ಆ ವರ್ಷದಲ್ಲಿ ಮೂರು ಸಲ ಹಾಗೆ ಹೇಳಿದ್ದಳು, ಮೂರು ಸಲವೂ ಅವನು ಕೆಲಸ ಬಿಟ್ಟು ಓಡಿ ಬಂದಿದ್ದ, ಅಮ್ಮ ಮೂರು ಸಲವೂ ಹಾಸಿಗೆಯಲ್ಲಿ ಎದ್ದು ಕೂತು, ಇವನಿಗೇನು ಬಂತು, ಇಷ್ಟು ಬೆವರಿದ್ದಾನೆ ಎಂದು ಕೇಳಿದ್ದಳು. ನಾಲ್ಕನೆಯ ಸಲ ಅವನು ಕೆಲಸ ಮುಗಿಸಿ, ಬೆಳಿಗ್ಗೆಯ ಬಸ್ಸಿಗೆ ಹೊರಟಿದ್ದ. ಬೆಂಚಿನ ಮೇಲೆ ಕೂತೇ, "ನೀನು ಸುಳ್ಳು ಹೇಳ್ತೀಯ ಅಂತಲ್ಲ ಪುಟ್ಟಿ. ನೀನು ಹೇಳಿದ್ರಲ್ಲಿ ನಾನು ಒಂದಿಷ್ಟು ಕಳೆದುಬಿಟ್ಟೆ, ಅಷ್ಟೇ" ಎಂದ. ದೂರಲಿಲ್ಲ. ಇಂದಿಗೂ ದೂರಿಲ್ಲ. ಅವಳ ಹುಟ್ಟುಹಬ್ಬಕ್ಕೆ ತಪ್ಪದೆ ಫೋನು ಮಾಡುತ್ತಾನೆ, ಅವಳು ಚೆನ್ನಾಗಿದ್ದೇನೆ ಎಂದಾಗ ಒಂದು ನಿಮಿಷ ಸುಮ್ಮನಿದ್ದು, ಸರಿ ಎನ್ನುತ್ತಾನೆ.

"ಅದು ಅವರ ತಪ್ಪಲ್ಲ. ನನ್ನದು" ಎಂದಳು.

ಬಾಣ ತಿರುಗಿದ. "ಯಾವುದು ಮೇಡಂ?"

"ನಮಗೆ ಬೇಕಿದ್ದದ್ದು ಒಂದು ಲಕ್ಷ. ನಾನು ಇಪ್ಪತ್ತು ಸಾವಿರ ಸೇರಿಸಿ ಬರೀತಿದ್ದೆ. ಬೇಕಂತಲೇ. ಅವರು ನಂಬಿದ್ರು, ಮಾಡಿದ್ರು."

ಮಾತು ಮೇಜಿನ ಮೇಲೆ ಬಿತ್ತು. ಏನೂ ಆಗಲಿಲ್ಲ. ಬಾಣ ಮುಗುಳ್ನಕ್ಕ, ಸಭೆಗಳಲ್ಲಿ ಹಿರಿಯರಿಗೆಂದು ಇಟ್ಟುಕೊಂಡಿದ್ದ ನಗು. "ನಿಮ್ಮದು ದೊಡ್ಡ ಮನಸ್ಸು ಮೇಡಂ. ಒಬ್ಬರ ಕೆಲಸ ಉಳಿಸಬೇಕು ಅಂತ ಎಲ್ಲಾ ಮೈಮೇಲೆ ಎಳ್ಕೋಬೇಡಿ. ಐದೋ ಹತ್ತೋ ಸಾವಿರ ಎಲ್ರೂ ಸೇರಿಸ್ತಾರೆ, ಅದನ್ನ ಯಾರು ಕೇಳ್ತಾರೆ." ಯಜಮಾನರೂ ತಲೆಯಾಡಿಸಿ, "ಹೆಂಗಸರ ಕರುಳು" ಎಂದರು. ಅವಳು ಹೇಳಿದ ಇಪ್ಪತ್ತರಲ್ಲಿ ಇಬ್ಬರೂ ಅವಳ ಕಣ್ಣೆದುರಿಗೇ ಕಡಿಮೆಯೆಂದರೂ ಅರ್ಧ ಕಳೆದಿದ್ದರು. ಜೀವನದಲ್ಲಿ ಒಂದು ಸಲ ಜಾಗ ಬಿಡದೆ ಹೇಳಿದ ಮಾತು. ನಗು ಬಂದಂತಾಯಿತು. ಟೀಚರ್ ಮಾತ್ರ ತಲೆಯೆತ್ತಿ ಅವಳನ್ನು ನೋಡುತ್ತಿದ್ದಳು. ಉಳಿಸಿದರು ಎಂಬ ಕೃತಜ್ಞತೆ ಆ ಕಣ್ಣಲ್ಲಿರಲಿಲ್ಲ. ಸಣ್ಣಕ್ಷರ ಓದುವವರ ನೋಟ, ಅಷ್ಟೇ.

ಕೈಚೀಲದಿಂದ ಲ್ಯಾಪ್‌ಟಾಪ್ ತೆಗೆದು ಮೇಜಿನ ಮೇಲಿಟ್ಟಳು. ಅದು ತೆರೆದುಕೊಳ್ಳಲು ಹೊತ್ತು ಹಿಡಿಯಿತು. ಹೊರಗೆ ಮೆಷೀನು ರಟ್ಟು ಕತ್ತರಿಸುವ ಸದ್ದು, ಒಂದೇ ಲಯದಲ್ಲಿ. ಅವಳ ಲೆಕ್ಕದ ಎಕ್ಸೆಲ್ ಹಾಳೆಯಲ್ಲಿ ಮೂರನೆಯ ಕಾಲಮ್ಮನ್ನು ಅವಳು ಮರೆ ಮಾಡಿ ಇಟ್ಟಿದ್ದಳು. ಎರಡನೆಯದರಿಂದ ನೇರ ನಾಲ್ಕನೆಯದಕ್ಕೆ ಹಾರುತ್ತಿತ್ತು, ಕೇಳುವವರಿಲ್ಲದೆ. ಅದನ್ನು ಬಿಚ್ಚಿ ತೋರಿಸುವುದಕ್ಕೆ ಎರಡು ಸಲ ಒತ್ತಿದರೆ ಸಾಕಿತ್ತು. ಕಾಲಮ್ಮು ತೆರೆದುಕೊಂಡಿತು. ಆರು ವರ್ಷ, ತಿಂಗಳು ತಿಂಗಳು, ಎಡಗಡೆ ನಿಜವಾಗಿ ಬೇಕಿದ್ದದ್ದು, ಬಲಗಡೆ ಕೇಳಿದ್ದು. ತೊಂಬತ್ತೇಳು ಸಾವಿರದ ಎದುರಿಗೆ ಒಂದು ಲಕ್ಷ ಹದಿನೈದು. ಒಂದು ಲಕ್ಷದ ಎದುರಿಗೆ ಒಂದು ಇಪ್ಪತ್ತು, ಒಂದು ಇಪ್ಪತ್ತು, ಒಂದು ಇಪ್ಪತ್ತು. ಬಾಣ ಪರದೆಗೆ ಮುಖ ಹತ್ತಿರ ತಂದು ಓದಿದ. ಕೆಳಗೆ ಇಳಿಸಿ ಎಂದ, ಇಳಿಸಿದಳು. ಇನ್ನೂ ಕೆಳಗೆ ಎಂದ. ಮೈಮೇಲಿನ ಬಟ್ಟೆ ಒಂದೊಂದಾಗಿ ತೆಗೆಸಿ ಡಾಕ್ಟರು ನೋಡುವಾಗ ಆಗುವಂತೆ, ಮೊದಲು ನಾಚಿಕೆಯಾಗಿ, ಆಮೇಲೆ ಬರೀ ಚಳಿಯಾಯಿತು.

ಯಜಮಾನರು ಇದ್ದಕ್ಕಿದ್ದಂತೆ ನಕ್ಕರು, ಹೊಟ್ಟೆ ಕುಲುಕಿಸಿ. "ಅಯ್ಯೋ, ಚಿಕ್ಕಪ್ಪನ ಹತ್ರಾನೂ ಇಂಥದ್ದೇ ಒಂದು ಪುಸ್ತಕ ಇತ್ತಮ್ಮ, ಜೇಬಲ್ಲಿ. ಒಬ್ಬೊಬ್ಬ ಗಿರಾಕಿ ಹೆಸರ ಮುಂದೆ ಎಷ್ಟು ಕಳೀಬೇಕು ಅಂತ. ನಿಮ್ಮ ಹೆಸರ ಮುಂದೆ ಆರರಲ್ಲಿ ಒಂದು ಅಂತ ಬರೆದಿದ್ರು. ಮನೇಲಿ ಕೂಡ ಅವರು ನಿಮ್ಮನ್ನ ಹಾಗೇ ಅನ್ನೋದು. ಆರರಲ್ಲೊಂದು ಹೇಗಿದ್ದಾಳೆ, ಫೋನ್ ಮಾಡಿದ್ಲಾ ಅಂತ ಮೊನ್ನೆನೂ ಕೇಳಿದ್ರು. ಪುಸ್ತಕ ಅವರ ಜೇಬಲ್ಲೇ ಮನೆಗೆ ಹೋಯ್ತು, ಇವಳಿಗೆ ಹೇಳಿಕೊಡೋದು ನನಗೂ ಹೊಳೀಲಿಲ್ಲ." ಕಣ್ಣೊರೆಸಿಕೊಂಡರು. ಆಮೇಲೆ ಟೀಚರ್ ಕಡೆ ತಿರುಗದೆ, "ಇರಲಿ ಬಿಡು, ಕುರ್ಚೀಲೇ ಇರು" ಎಂದರು. ಅಷ್ಟೇ. ಸೋಮವಾರವನ್ನು ಅಷ್ಟು ಸುಲಭವಾಗಿ ವಾಪಸು ತೆಗೆದುಕೊಂಡರು.

ಅವಳು ಕೂತಲ್ಲೇ ಆ ಹೆಸರನ್ನು ಒಮ್ಮೆ ಒಳಗೇ ಹೇಳಿಕೊಂಡಳು. ಎಲ್ಲೋ ಒಂದು ಮನೆಯಲ್ಲಿ, ಕಣ್ಣು ಕಾಣದ ಒಬ್ಬ ಮುದುಕ, ಅವಳ ಮುಖ ನೋಡಿರದವನು, ಅವಳ ಅಳತೆಯನ್ನು ಅಷ್ಟು ಸರಿಯಾಗಿ ಇಟ್ಟುಕೊಂಡಿದ್ದ. ಗಂಡನಿಗೂ ಗೊತ್ತಿಲ್ಲದಷ್ಟು ಸರಿಯಾಗಿ. ಗಂಡ ಅರ್ಧ ಗಂಟೆ ಎನ್ನುತ್ತಾನೆ, ಅಂದಾಜಿಗೆ. ಬಾಣ ಲ್ಯಾಪ್‌ಟಾಪನ್ನು ತಾನೇ ಮುಚ್ಚಿ, ನಯವಾಗಿ ಅವಳ ಕಡೆ ಸರಿಸಿದ. "ಮುಂದಿನ ತಿಂಗಳಿಂದ ಹೇಗೂ ಸಂಖ್ಯೆ ಸ್ಕ್ರೀನಿಂದ ನೇರ ಹೋಗತ್ತೆ ಮೇಡಂ. ನಿಮಗೆ ಇದರ ತಲೆನೋವು ಬೇಡ. ಈ ತಿಂಗಳದ್ದು ಮಾತ್ರ ಇವರಿಗೆ ನೀವೇ ಹೇಳಿಬಿಡಿ, ಹೊಸ ಡಬ್ಬಿ ಇವತ್ತೇ ಮೆಷೀನಿಗೆ ಹೋಗಬೇಕು." ಹಲಗೆಯ ಮೇಲಿನ ಅಡ್ಡಗೀಟನ್ನು ಅಂಗೈಯಿಂದ ಒರೆಸಿದ, ಅದನ್ನು ಇನ್ನೊಂದು ತುದಿಯಲ್ಲಿ ಹಾಕಲು ಪೆನ್ನು ಎತ್ತಿದವನು, ಏನೋ ಯೋಚಿಸಿ, ಹಾಕದೆ, ಫೋನು ಹಿಡಿದುಕೊಂಡು ಹೊರಗೆ ಹೋದ. ಹಾಕಿದ್ದರೆ ಚೆನ್ನಾಗಿತ್ತು ಎನ್ನಿಸಿತು ಅವಳಿಗೆ. ಯಜಮಾನರೂ ಅವನ ಹಿಂದೆ ಎದ್ದರು.

ಕೋಣೆಯಲ್ಲಿ ಇಬ್ಬರು ಉಳಿದರು. ಕ್ಷಮಿಸಿ ಎನ್ನಬೇಕೆಂದು ಅವಳು ಪದಗಳನ್ನು ಜೋಡಿಸುತ್ತಿರುವಾಗಲೇ ಟೀಚರ್ ಮೆಷೀನಿಗೆ ಕೊಡುವ ಚೀಟಿ ಎಳೆದುಕೊಂಡು, ತಾರೀಖು ಬರೆದು, ಪೆನ್ನು ಹಿಡಿದು ಕಾದಳು.

"ಎಷ್ಟು ಮೇಡಂ?"

"ತೊಂಬತ್ತೆಂಟು ಸಾವಿರ."

ಟೀಚರ್ ಬರೆಯಲಿಲ್ಲ. "ಇದರಲ್ಲಿ ಎಷ್ಟು ಕಳೀಲಿ?" ಎಂದು ಕೇಳಿದಳು. ಕೊಂಕು ಇರಲಿಲ್ಲ. ಕೆಲಸ ಕಲಿಯುವವರು ಕೇಳುವ ಹಾಗೆ ಕೇಳಿದ್ದಳು, ಅದನ್ನು ಕಲಿಸಿದವಳು ಎದುರಿಗೆ ಕೂತಿದ್ದಳು.

"ಏನೂ ಕಳೀಬೇಡಿ."

"ಚಿಕ್ಕಪ್ಪನಿಗೂ ನೀವು ಹಾಗೇ ಹೇಳ್ತಿದ್ರಂತಲ್ಲ."

"ಹೇಳ್ತಿದ್ದೆ."

ಇನ್ನೇನು ಹೇಳಬಹುದು ಎಂದು ಹುಡುಕಿದಳು. ಆಣೆ ಇಡಬಹುದಿತ್ತು, ಹಿಂದೆಯೂ ಇಟ್ಟಿದ್ದುಂಟು. ನಿಜವಾಗಿ, ಖಂಡಿತವಾಗಿ, ಈ ಸಲ ಮಾತ್ರ ಎಂಬ ಪದಗಳೆಲ್ಲ ಹುಲ್ಲಾಗಿಹೋಗಿದ್ದವು. ಟೀಚರ್ ಅವಳ ಮುಖವನ್ನು ಬಹಳ ಹೊತ್ತು ನೋಡಿದಳು, ಅವಸರವಿಲ್ಲದೆ, ಮೇಲಿನಿಂದ ಕೆಳಗೆ. ಆಮೇಲೆ ಚೀಟಿಯ ಮೇಲೆ ಬರೆದಳು. ಏನು ಬರೆದಳೆಂದು ಈ ಕಡೆಯಿಂದ ಕಾಣಲಿಲ್ಲ. ಕೇಳುವ ಹಕ್ಕು ತನಗಿಲ್ಲ ಎನ್ನಿಸಿತು. ಟೀಚರ್ ಚೀಟಿ ಹರಿದುಕೊಂಡು ಎದ್ದು ಹೊರಟಾಗ ಅವಳೂ ಎದ್ದು ಬಾಗಿಲವರೆಗೆ ಹೋಗಿ ನಿಂತಳು.

ಮೆಷೀನಿನವನು ನಿಲ್ಲಿಸಿದ್ದ ಮೆಷೀನಿಗೆ ಒರಗಿ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಿದ್ದ. "ಎಷ್ಟು ಟೀಚರ್?"

"ತೊಂಬತ್ತೆಂಟು."

"ಸೋಪಿನವರದು ತಾನೇ? ಮತ್ತೆ ಗೋಡೌನ್ ತುಂಬಿಸ್ಬೇಡವ್ವಾ, ನನಗೆ ಮಧ್ಯಾಹ್ನ ಮಲಗಕ್ಕೆ ಜಾಗ ಇಲ್ಲ. ಸರಿಯಾಗಿ ಕೇಳಿದ್ಯಾ?"

"ಕೇಳಿದೆ. ತೊಂಬತ್ತೆಂಟು. ಒಂದು ಹೆಚ್ಚೂ ಬೇಡ, ಒಂದು ಕಮ್ಮೀನೂ ಬೇಡ."

ಅವನು ಬಾಗಿ ಎಣಿಕೆಯ ಚಕ್ರಗಳನ್ನು ಒಂದೊಂದಾಗಿ ತಿರುಗಿಸಿದ. ಟೀಚರ್ ಅವನ ಭುಜದ ಮೇಲಿಂದ ಬಾಗಿ ಅಂಕಿಗಳನ್ನು ಓದಿದಳು, ಬಾಗಿಲ ಕಡೆ ತಿರುಗಿ ನೋಡಲಿಲ್ಲ. ಈಗ ಕಡಿಮೆ ಬಿದ್ದರೆ ಅದು ಬೀಳುವುದು ಆ ಚೀಟಿ ಬರೆದವಳ ಮೇಲೆ. ಬಾಗಿಲಲ್ಲಿ ನಿಂತವಳ ಕಣ್ಣೆದುರು ಬರಿಮೈ ಸೋಪಿನ ಆ ಹಳೆಯ ಬೆಲ್ಟು ಮತ್ತೆ ಹೊರಟಿತು. ಒಂದು ದಿನ ರಟ್ಟು ತೇವವಾದರೆ, ಒಂದು ಲೋಡು ದಾರಿಯಲ್ಲಿ ತಡವಾದರೆ, ಇನ್ನೊಂದು ಎರಡು ಸಾವಿರ, ಬರೀ ಎರಡು, ಹೇಳಿಬಿಟ್ಟರೆ ಯಾರಿಗೂ ಭಾರವಲ್ಲ. ಬಾಯಿ ತೆರೆದೂ ಆಯಿತು. ಅಷ್ಟರಲ್ಲಿ ಮೆಷೀನಿನವನು ಗುಂಡಿ ಒತ್ತಿದ, ಶೆಡ್ಡೆಲ್ಲ ಸದ್ದು ತುಂಬಿತು. ಕೂಗಿದರೆ ಕೇಳುತ್ತಿತ್ತು. ಕೇಳುವುದಿಲ್ಲ ಎಂದುಕೊಂಡು ಬಾಯಿ ಮುಚ್ಚಿದಳು.